ಮಂಜಿನಲ್ಲಿ ಬೈಕ್ ಜಗ್ಗಿದರೆ: ಕಾರ್ಬೊರೇಟರ್‌ಗೆ ಕೈ ಹಾಕುವ ಮೊದಲು

ಓದುಗರ ಪ್ರಶ್ನೆ:

"ನಾನು ಕೊಟ್ಟಿಗೆಹಾರದ ಸಮೀಪದ ಹಳ್ಳಿಯವನು. ಹಾಲಿನ ಸಹಕಾರ ಸಂಘದಲ್ಲಿ ಕೆಲಸ, ಬೆಳಿಗ್ಗೆ ಐದೂವರೆಗೇ ಮನೆ ಬಿಡಬೇಕು. ಬೈಕ್ 2017ರ 150 ಸಿಸಿ, ಕಾರ್ಬೊರೇಟರ್‌ನದು; 58,000 ಕಿ.ಮೀ. ಓಡಿದೆ. ಮಳೆಗಾಲ ಶುರುವಾದರೆ ಜನವರಿ ಮುಗಿಯುವವರೆಗೂ ಒಂದೇ ಗೋಳು. ಚೋಕ್ ಎಳೆದರೆ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ಎರಡು ಮೂರು ಕಿಲೋಮೀಟರ್ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ಮಂಜಿನೊಳಗೆ ಹೊಕ್ಕು ಆಕ್ಸಿಲರೇಟರ್ ತಿರುಗಿಸಿದರೆ ಮುಂದಕ್ಕೆ ನುಗ್ಗುವ ಬದಲು ಜಗ್ಗುತ್ತದೆ, ಸೈಲೆನ್ಸರ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಪಟ್ ಎನ್ನುತ್ತದೆ. ಆಕ್ಸಿಲರೇಟರ್ ಇಳಿಸಿ ನಿಧಾನವಾಗಿ ಹೋದರೆ ಹೋಗುತ್ತದೆ. ಹತ್ತು ನಿಮಿಷ ನಿಲ್ಲಿಸಿ ಚಹಾ ಕುಡಿದು ಬಂದರೆ ಏನೂ ಆಗದಂತೆ ಓಡುತ್ತದೆ. ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸ್ ಬರುವಾಗ ತೊಂದರೆಯೇ ಇಲ್ಲ. ಪ್ಲಗ್ ಎರಡು ಸಲ ಬದಲಾಯಿಸಿದ್ದೇನೆ, ಏರ್ ಫಿಲ್ಟರ್ ಹೊಸದು, ಕಾರ್ಬೊರೇಟರ್ ಮೂರು ಸಲ ಬಿಚ್ಚಿ ತೊಳೆಸಿದ್ದೇನೆ. ತೊಳೆಸಿದ ನಾಲ್ಕು ದಿನ ಸರಿ, ಆಮೇಲೆ ಅದೇ ಕಥೆ. ಒಬ್ಬ ಮೆಕ್ಯಾನಿಕ್ ಪೆಟ್ರೋಲ್ ಹೆಚ್ಚು ಬರುವಂತೆ ಕಾರ್ಬೊರೇಟರಿಗೆ ದೊಡ್ಡ ತೂತಿನ ಜೆಟ್ ಹಾಕೋಣ ಎನ್ನುತ್ತಾರೆ, ಇನ್ನೊಬ್ಬರು ಎಥನಾಲ್ ಪೆಟ್ರೋಲಿನ ಮಹಿಮೆ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿರುವ ಭಾವಮೈದ ಕಾರ್ಬೊರೇಟರ್ ಒಳಗೆ ಐಸ್ ಕಟ್ಟುತ್ತಿದೆ ಎಂದು ಫೋನಿನಲ್ಲೇ ತೀರ್ಪು ಕೊಟ್ಟಿದ್ದಾನೆ. ಇದರ ಮೇಲೆ ಆಯಿಲ್ ಕಡ್ಡಿಗೆ ಬೆಣ್ಣೆಯಂಥ ಬಿಳಿ ನೊರೆ ಬೇರೆ ಮೆತ್ತಿಕೊಂಡಿರುತ್ತದೆ. ಎಂಜಿನ್ ಬಿಚ್ಚಬೇಕೇ? ಮೊನ್ನೆ ಲಾರಿ ದಾಟುವಾಗ ಜಗ್ಗಿ ಜೀವ ಬಾಯಿಗೆ ಬಂದಿತ್ತು."

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೈಕಿಗೆ ಏನಾಗಿದೆ ಎನ್ನುವುದಕ್ಕಿಂತ, ಮೂವರು ಮೂರು ಕಾರಣ ಹೇಳಿದರೆ ಯಾರ ಮಾತಿನ ಮೇಲೆ ದುಡ್ಡು ಹಾಕಲಿ ಎನ್ನುವುದೇ ನಿಮ್ಮ ತಲೆನೋವು ಎಂದು ತೋರುತ್ತದೆ. ಸಕಲೇಶಪುರದ ಕಡೆ ಇಪ್ಪತ್ತಾರು ವರ್ಷದಿಂದ ಬೈಕ್ ರಿಪೇರಿ ಮಾಡಿಕೊಂಡಿರುವವನು ನಾನು. ಎಂಜಿನ್ ಬಿಚ್ಚಬೇಡಿ, ದೊಡ್ಡ ಜೆಟ್ಟನ್ನೂ ಹಾಕಿಸಬೇಡಿ. ನೀವು ಬರೆದ ಲಕ್ಷಣಗಳೆಲ್ಲ ಬೆರಳು ತೋರಿಸುವುದು ಇದುವರೆಗೆ ಯಾರೂ ಮುಟ್ಟದ ಒಂದು ಸಣ್ಣ ಸಾಮಾನಿನ ಕಡೆಗೆ. ಅದು ಪ್ಲಗ್ಗಿನ ಮೇಲೆ ಕೂರುವ ರಬ್ಬರ್ ಟೊಪ್ಪಿ, ಅಂದರೆ ಪ್ಲಗ್ ಕ್ಯಾಪ್. ಪತ್ರ ಓದಿ ನೂರಕ್ಕೆ ನೂರು ಹೇಳಲಾಗುವುದಿಲ್ಲ. ಆದರೆ ನೀವೇ ಮನೆಯಂಗಳದಲ್ಲಿ ಪರೀಕ್ಷೆ ಮಾಡಿ ತಿಳಿದುಕೊಳ್ಳಬಹುದು.

ಮೊದಲು ಚಳಿಯ ಮೇಲಿರುವ ಆಪಾದನೆಯನ್ನು ವಿಚಾರಿಸೋಣ. ಚಳಿಗೆ ಪೆಟ್ರೋಲ್ ಗಟ್ಟಿಯಾಗುತ್ತದೆ ಎಂದು ನಂಬಿರುವವರು ಈಗಲೂ ನನ್ನ ಅಂಗಡಿಗೆ ಬರುತ್ತಾರೆ. ಪೆಟ್ರೋಲ್ ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗಿಳಿಯಬೇಕು. ನಮ್ಮ ಚಾರ್ಮಾಡಿಯಲ್ಲಿ ಹಾಗಾದ ದಿನ ಬೈಕಿನ ಚಿಂತೆ ಯಾರಿಗೂ ಇರುವುದಿಲ್ಲ. ಚಳಿಯಲ್ಲಿ ನಿಜವಾಗಿ ಆಗುವುದು ಬೇರೆ. ತಣ್ಣನೆಯ ಗಾಳಿ ಸಾಂದ್ರವಾಗಿರುತ್ತದೆ: 32 ಡಿಗ್ರಿಯ ಗಾಳಿಗಿಂತ 12 ಡಿಗ್ರಿಯ ಗಾಳಿ ಸುಮಾರು 7 ಪ್ರತಿಶತ ಹೆಚ್ಚು ತೂಗುತ್ತದೆ. ಅಷ್ಟು ಹೆಚ್ಚು ಆಮ್ಲಜನಕ ಒಳಗೆ ಹೋದಾಗ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ತಾನಾಗಿ ಪೂರ್ತಿ ಕೊಡುವುದಿಲ್ಲ. ಮೇಲಾಗಿ ತಣ್ಣಗಿನ ಲೋಹದ ಮೇಲೆ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಹನಿಹನಿಯಾಗಿ ಉಳಿಯುತ್ತದೆ. ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಇರುವುದು ಅದಕ್ಕೇ. ಆದರೆ ಈ ಕೊರತೆ ಹೆಚ್ಚಾಗಿ ಕಾಡುವುದು ಎಂಜಿನ್ ಬೆಚ್ಚಗಾಗುವವರೆಗೆ. ಚಳಿಯೇ ಅಪರಾಧಿಯಾಗಿದ್ದರೆ ನಿಮ್ಮ ಬೈಕ್ ಮೊದಲ ಕಿಲೋಮೀಟರಿನಲ್ಲಿ ಹೆಚ್ಚು ಗೋಳಾಡಿ, ಮೂರನೆಯದರ ಹೊತ್ತಿಗೆ ಸುಧಾರಿಸಬೇಕಿತ್ತು. ನಿಮ್ಮದು ಉಲ್ಟಾ: ಶುರುವಿನಲ್ಲಿ ಸರಿ, ಆಮೇಲೆ ಕೆಡುತ್ತದೆ. ದೊಡ್ಡ ಜೆಟ್ಟಿನ ವಾದ ಇಲ್ಲಿಗೇ ಬಿದ್ದುಹೋಯಿತು.

ಮಂಜನ್ನು ಎಂಜಿನ್ ಕುಡಿದುಬಿಡುತ್ತದೆ ಎನ್ನುವುದು ಇನ್ನೊಂದು ನಂಬಿಕೆ. ದಟ್ಟ ಮಂಜಿನಲ್ಲೂ ಒಂದು ಘನ ಮೀಟರ್ ಗಾಳಿಯಲ್ಲಿ ತೇಲುವ ನೀರಹನಿಗಳ ಒಟ್ಟು ತೂಕ ಸಾಮಾನ್ಯವಾಗಿ ಅರ್ಧ ಗ್ರಾಂ ದಾಟುವುದಿಲ್ಲ. 150 ಸಿಸಿಯ ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತ ಪೂರ್ತಿ ಗಾಳಿ ಎಳೆದುಕೊಂಡರೂ ಒಂದು ಘನ ಮೀಟರ್ ಮುಗಿಸಲು ಎರಡೂವರೆ ನಿಮಿಷಕ್ಕಿಂತ ಹೆಚ್ಚು ಬೇಕು. ಅಷ್ಟು ಹೊತ್ತಿನಲ್ಲಿ ಅರ್ಧ ಗ್ರಾಂ ನೀರು ಹೋದರೆ ಎಂಜಿನ್ನಿಗೆ ಗೊತ್ತೂ ಆಗುವುದಿಲ್ಲ. ತೊಂದರೆ ಕೊಡುವ ನೀರು ಎಂಜಿನ್ನಿನ ಹೊರಗಿರುತ್ತದೆ, ಇಲ್ಲವೇ ಪೆಟ್ರೋಲಿನ ತಳದಲ್ಲಿ.

ಭಾವಮೈದನನ್ನು ನಗೆಯಾಡಬೇಡಿ. ಅವರು ಹೇಳುವ ರೋಗ ನಿಜವಾದದ್ದೇ, ಅವರಿರುವ ಊರಿನ ಮಟ್ಟಿಗೆ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ; ಕೈ ಮೇಲೆ ಒಂದು ಹನಿ ಬಿದ್ದರೆ ತಣ್ಣಗೆ ಚುಳ್ಳೆನ್ನುವುದಿಲ್ಲವೇ, ಅದೇ. ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕೂಮುಕ್ಕಾಲು ಪಾಲಿನಷ್ಟು ಗಾಳಿ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಎಲ್ಲ ಪೆಟ್ರೋಲೂ ಅಲ್ಲೇ ಆವಿಯಾದರೆ ಗಾಳಿ 20 ಡಿಗ್ರಿಗೂ ಹೆಚ್ಚು ತಣ್ಣಗಾಗಬಲ್ಲದು. ಹೊರಗೆ 5 ಡಿಗ್ರಿ ಇದ್ದು ಗಾಳಿ ತೇವವಾಗಿದ್ದರೆ ಕಾರ್ಬೊರೇಟರಿನ ಗಂಟಲಲ್ಲಿ ನೀರಾವಿ ನೇರವಾಗಿ ಮಂಜುಗಡ್ಡೆಯಾಗಿ ಕೂರುತ್ತದೆ. ಸಣ್ಣ ವಿಮಾನಗಳಲ್ಲಿ ಇದು ಜೀವಕ್ಕೇ ಕುತ್ತು ತರಬಲ್ಲದು, ಅದಕ್ಕೇ ಅವುಗಳ ಪೈಲಟ್‌ಗಳ ಕೈಯಲ್ಲಿ ಕಾರ್ಬೊರೇಟರ್ ಬಿಸಿ ಮಾಡುವ ಹಿಡಿಕೆ ಇರುತ್ತದೆ. ಬ್ರಿಟನ್ನಿನಲ್ಲಿ ಮಾರುವ ಕೆಲವು ಬೈಕುಗಳ ಕಾರ್ಬೊರೇಟರಿಗೆ ತಯಾರಕರು ಸಣ್ಣ ಹೀಟರ್ ಕೂಡಿಸಿದ್ದೂ ಇದೆ.

ನಿಮ್ಮಲ್ಲಿ ಅದು ಏಕಲ್ಲ? ಪೆಟ್ರೋಲೆಲ್ಲ ಕಾರ್ಬೊರೇಟರಿನಲ್ಲೇ ಆವಿಯಾಗುವುದಿಲ್ಲ. ಜುಲೈ ಮುಂಜಾವಿನಲ್ಲಿ ನಿಮ್ಮ ಕಡೆ ಸುಮಾರು 18 ಡಿಗ್ರಿ ಇರುತ್ತದೆ, ಅಷ್ಟು ಬೆಚ್ಚಗಿರುವಾಗ ಬೈಕಿನಲ್ಲಿ ಐಸ್ ಕೂರುವ ಸಾಧ್ಯತೆ ಕಡಿಮೆ; ಬೈಕ್ ಆಗಲೂ ಜಗ್ಗುತ್ತದೆ. ನಮ್ಮ ಗಾಳಿ ತಂಪಿನ ಎಂಜಿನ್ನುಗಳಲ್ಲಿ ಕಾರ್ಬೊರೇಟರ್ ಸಿಲಿಂಡರಿನ ಬೆನ್ನಿಗೇ ಅಂಟಿಕೊಂಡಿರುವುದರಿಂದ ಅದರ ಬಿಸಿ ಸ್ವಲ್ಪವಾದರೂ ತಾಗುತ್ತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ರೋಗಲಕ್ಷಣ. ಐಸ್ ಮೊದಲು ಕೂರುವುದು ಗಾಳಿಯ ದಾರಿ ಕಿರಿದಾಗಿರುವಲ್ಲಿ, ಎಂದರೆ ಆಕ್ಸಿಲರೇಟರ್ ಕಡಿಮೆ ತೆರೆದಿರುವಾಗ. ಹಾಗಾಗಿ ನಿಧಾನದ ಓಟ ಮತ್ತು ಐಡ್ಲಿಂಗ್ ಮೊದಲು ಕೆಡುತ್ತವೆ. ನಿಮ್ಮ ಬೈಕ್ ನಿಧಾನಕ್ಕೆ ಸರಿಯಾಗಿ ಹೋಗುತ್ತದೆ, ಎಳೆತ ಕೇಳಿದಾಗ ಮಾತ್ರ ಕೈಕೊಡುತ್ತದೆ. ಡಿಸೆಂಬರಿನ ಒಂದೆರಡು ಬೆಳಗಿನಲ್ಲಿ ಐಸ್ ಇರಬಹುದೇ ಎಂದು ಕೇಳಿದರೆ ಪೂರ್ತಿ ಇಲ್ಲವೆನ್ನಲಾರೆ. ಜೂನ್‌ನಿಂದ ಜನವರಿಯವರೆಗಿನ ಗೋಳಿಗೆ ಅದು ಕಾರಣವಲ್ಲ.

ಈಗ ನನ್ನ ಅನುಮಾನದ ಕಡೆ ಬರುತ್ತೇನೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಕಾಯಿಲ್ ಸಾವಿರಾರು ವೋಲ್ಟ್ ಕಳಿಸಬೇಕು, ಎಳೆತದಲ್ಲಿ ಅದು ಹತ್ತು ಸಾವಿರವನ್ನೂ ದಾಟುತ್ತದೆ. ಆಕ್ಸಿಲರೇಟರ್ ತಿರುಗಿಸಿದಷ್ಟೂ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಕಿಡಿ ಹಾರುವುದು ಕಷ್ಟ, ಹೆಚ್ಚು ವೋಲ್ಟೇಜ್ ಬೇಕು. ವಿದ್ಯುತ್ತು ಸುಲಭದ ದಾರಿಯನ್ನೇ ಹಿಡಿಯುತ್ತದೆ. ಕ್ಯಾಪಿನ ಒಳಗೋ ಹೊರಗೋ ತೇವದ ಒಂದು ತೆಳು ಪೊರೆ ಸಿಕ್ಕಿತೆಂದರೆ, ಸಿಲಿಂಡರಿನೊಳಗೆ ಹಾರುವ ಬದಲು ಹೊರಗಿನಿಂದಲೇ ಲೋಹಕ್ಕೆ ಜಾರಿಹೋಗುತ್ತದೆ. ಒಳಗೆ ಬೆಂಕಿ ಇಲ್ಲ, ಎಂಜಿನ್ ಒಂದು ಏಟು ತಪ್ಪುತ್ತದೆ. ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಪಟ್ ಎನ್ನುತ್ತದೆ.

ಇದನ್ನು ನಿಮ್ಮ ಪತ್ರಕ್ಕೆ ಹೊಂದಿಸಿ ನೋಡಿ. ರಾತ್ರಿ ಮಾಡಿನ ಕೆಳಗೆ ಒಣಗಿ ನಿಂತ ಬೈಕ್ ಎರಡು ಕಿಲೋಮೀಟರ್ ಸರಿಯಾಗಿ ಹೋಗುತ್ತದೆ; ಅಷ್ಟರಲ್ಲಿ ಮುಂದಿನ ಚಕ್ರ ಎರಚುವ ನೀರು ಮತ್ತು ಮಂಜು ಕ್ಯಾಪಿನ ಮೇಲೆ ಕೂತಿರುತ್ತವೆ. ಓಡುವಾಗ ತಣ್ಣನೆಯ ಗಾಳಿ ಬೀಸುವುದರಿಂದ ಅದು ಒಣಗುವುದಿಲ್ಲ. ಚಹಾಕ್ಕೆ ನಿಲ್ಲಿಸಿದಿರಿ, ಗಾಳಿ ನಿಂತಿತು, ಸಿಲಿಂಡರಿನ ಬಿಸಿ ಮೇಲಕ್ಕೇರಿ ಕ್ಯಾಪನ್ನು ಒಣಗಿಸಿತು. ಮಧ್ಯಾಹ್ನ ಬಿಸಿಲಿನಲ್ಲಿ ತೇವವೇ ಇಲ್ಲ. ಇನ್ನು, ಕಾರ್ಬೊರೇಟರ್ ತೊಳೆಸಿದ ನಾಲ್ಕು ದಿನ ಸರಿ ಇತ್ತೆಂದಿರಿ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕಿದ ಕಥೆ ಅದು. ಸರ್ವೀಸ್ ಮಾಡುವಾಗ ಹುಡುಗರು ಪ್ಲಗ್ ನೋಡಲೆಂದು ಕ್ಯಾಪ್ ಕಿತ್ತು, ಬಟ್ಟೆಯಿಂದ ಒರೆಸಿ, ಮತ್ತೆ ಒತ್ತಿರುತ್ತಾರೆ. ಆ ಒರೆಸಿದ್ದರ ಪುಣ್ಯ ನಾಲ್ಕು ದಿನ ಬಂದಿದೆ, ಕೀರ್ತಿ ಕಾರ್ಬೊರೇಟರಿಗೆ ಹೋಗಿದೆ.

ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ ನಾನೇ ಒಮ್ಮೆ ತಪ್ಪು ಮಾಡಿ ಕಲಿತದ್ದು. ಬಹಳ ಹಿಂದೆ, ಮುಂಜಾನೆ ಪತ್ರಿಕೆ ಹಂಚುವ ಒಬ್ಬರು ಇದೇ ದೂರು ಹೊತ್ತು ಬಂದಿದ್ದರು. ಬರುವುದು ಹತ್ತು ಗಂಟೆಯ ಮೇಲೆ; ನಾನು ಓಡಿಸಿ ನೋಡಿದರೆ ಬೈಕ್ ಬಾಣದ ಹಾಗೆ ಹೋಗುತ್ತಿತ್ತು. ಮೊದಲ ಸಲ ಜೆಟ್ ತೊಳೆದೆ. ಎರಡನೆಯ ಸಲ ಕಾರ್ಬೊರೇಟರ್ ಕಿಟ್ ಹಾಕಿದೆ. ಮೂರನೆಯ ಸಲ ಹೊಸ ಕಾರ್ಬೊರೇಟರನ್ನೇ ಕೂರಿಸಿ, ಆ ಬಡವರಿಂದ ದುಡ್ಡನ್ನೂ ತೆಗೆದುಕೊಂಡೆ. ನಾಲ್ಕನೆಯ ಸಲ ಅವರು ಏನೂ ಹೇಳದೆ ಕೀಲಿಯನ್ನು ಮೇಜಿನ ಮೇಲಿಟ್ಟು ನಡೆದುಕೊಂಡು ಹೋದರು. ಅವತ್ತು ಜಿಟಿಜಿಟಿ ಮಳೆ, ಸಂಜೆ ಕರೆಂಟ್ ಹೋಯಿತು. ಅಂಗಳದಲ್ಲಿ ನೆನೆದಿದ್ದ ಬೈಕನ್ನು ಒಳಗೆ ತರಲೆಂದು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತಿರುಗಿಸಿದೆ. ಕತ್ತಲೆಯಲ್ಲಿ ಕ್ಯಾಪಿನ ಅಂಚಿನಿಂದ ಸಿಲಿಂಡರಿನ ರೆಕ್ಕೆಗೆ ಒಂದು ನೀಲಿ ಎಳೆ, ದಾರದಷ್ಟು ತೆಳ್ಳಗೆ, ಹುಳುವಿನ ಹಾಗೆ ಹರಿದಾಡುತ್ತಿತ್ತು. ಜೊತೆಗೆ ಟಿಕ್ ಟಿಕ್ ಸದ್ದು. ಕ್ಯಾಪ್ ಬಿಚ್ಚಿ ಟಾರ್ಚ್ ಹಿಡಿದೆ: ಒಳಗೋಡೆಯಲ್ಲಿ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೆರೆ, ಹಿತ್ತಾಳೆ ತಿರುಪಿನ ಮೇಲೆ ಹಸಿರು ಕಿಲುಬು. ಕಾರ್ಬೊರೇಟರಿನ ದುಡ್ಡು ಮರಳಿಸಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೇಳುತ್ತೀರಿ.

ಆ ಕಪ್ಪು ಗೆರೆಯ ವಿಷಯ ತಿಳಿದಿರಬೇಕು. ಕಿಡಿ ಒಂದೇ ದಾರಿಯಲ್ಲಿ ಮತ್ತೆಮತ್ತೆ ಸೋರಿದಾಗ ಅಲ್ಲಿನ ಕೊಳೆಯೂ ಪ್ಲಾಸ್ಟಿಕ್ಕೂ ಸುಟ್ಟು ಇಂಗಾಲವಾಗುತ್ತದೆ. ಇಂಗಾಲ ವಿದ್ಯುತ್ತನ್ನು ಸಾಗಿಸುತ್ತದೆ. ಗೆರೆ ಬಿದ್ದ ಮೇಲೆ ಒರೆಸಿದರೂ ಒಣಗಿಸಿದರೂ ತಾತ್ಕಾಲಿಕವಷ್ಟೇ; ಇನ್ನೆರಡು ವರ್ಷ ಬಿಟ್ಟರೆ ಒಣ ಹವೆಯಲ್ಲೂ ಏಟು ತಪ್ಪುವುದಕ್ಕೆ ಶುರುವಾಗುತ್ತದೆ. ಕೆಲವೊಮ್ಮೆ ಗೆರೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೂ ಬಿದ್ದಿರುತ್ತದೆ. ಹಳೆಯ ಕ್ಯಾಪಿಗೆ ಹೊಸ ಪ್ಲಗ್ ಹಾಕಿದರೆ ಅದಕ್ಕೂ ಅದೇ ಗತಿ, ಹಾಗಾಗಿ ಎರಡನ್ನೂ ಒಟ್ಟಿಗೇ ಬದಲಾಯಿಸುವುದು ಒಳ್ಳೆಯದು.

ಪರೀಕ್ಷೆ ಹೀಗೆ ಮಾಡಿ. ಕತ್ತಲಾದ ಮೇಲೆ ಬೈಕನ್ನು ಅಂಗಳದಲ್ಲಿ ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಕೊಟ್ಟಿಗೆಯೊಳಗೆ, ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಬೇಡ, ಹೊಗೆ ಉಸಿರು ಕಟ್ಟಿಸುತ್ತದೆ. ಎಲ್ಲಿಯೂ ಪೆಟ್ರೋಲ್ ಸೋರುತ್ತಿಲ್ಲ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಎಂಜಿನ್ ಸ್ಟಾರ್ಟ್ ಮಾಡಿ, ಗಿಡಗಳಿಗೆ ನೀರು ಚಿಮುಕಿಸುವ ಬಾಟಲಿಯಿಂದ ಕ್ಯಾಪ್, ಅದರಿಂದ ಹೊರಟ ದಪ್ಪ ವೈರ್ ಮತ್ತು ಟ್ಯಾಂಕಿನ ಅಡಿಯ ಕಾಯಿಲ್ ಮೇಲೆ ಇಬ್ಬನಿಯಷ್ಟೇ ನೀರು ಹಾಕಿ. ಚೊಂಬಿನಿಂದ ಸುರಿಯಬಾರದು. ಐಡ್ಲಿಂಗಿನಲ್ಲಿ ಏನೂ ಕಾಣದಿರಬಹುದು, ಆದ್ದರಿಂದ ಇನ್ನೊಬ್ಬರಿಗೆ ಆಕ್ಸಿಲರೇಟರನ್ನು ಜುಮ್ ಜುಮ್ ಎಂದು ತಿರುಗಿಸಲು ಹೇಳಿ. ನೀಲಿ ಎಳೆ ಕಂಡರೆ, ಟಿಕ್ ಟಿಕ್ ಕೇಳಿದರೆ, ಅಥವಾ ನೀರು ಬಿದ್ದ ಕೂಡಲೇ ಎಂಜಿನ್ ತೊದಲಿದರೆ ಕಳ್ಳ ಸಿಕ್ಕಿದ. ಎಂಜಿನ್ ಓಡುವಾಗ ಆ ವೈರನ್ನಾಗಲೀ ಕ್ಯಾಪನ್ನಾಗಲೀ ಮುಟ್ಟಬೇಡಿ, ಹೊಡೆತ ಜೋರಾಗಿರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮನೆಯಲ್ಲಿದ್ದರೆ ಹತ್ತಿರ ಬರುವುದೇ ಬೇಡ.

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಕ್ಯಾಪ್ ಕಿತ್ತು ನೋಡಿ. ವೈರ್ ಹೊಕ್ಕುವ ಕಡೆ ಮತ್ತು ಪ್ಲಗ್ ಹೊಕ್ಕುವ ಕಡೆ ಎರಡು ರಬ್ಬರ್ ಸೀಲುಗಳಿರುತ್ತವೆ. ನಿಮ್ಮ ಬೈಕಿನ ವಯಸ್ಸಿಗೆ ಅವು ಹಪ್ಪಳದಂತೆ ಗಟ್ಟಿಯಾಗಿರುತ್ತವೆ, ನೀರು ಬೇಡವೆಂದರೂ ಒಳಗೆ ಹೋಗುತ್ತದೆ. ಮಲ್ಟಿಮೀಟರ್ ಇರುವವರು ಕ್ಯಾಪಿನ ಎರಡು ತುದಿಗಳ ನಡುವಿನ ರೋಧವನ್ನು ಅಳೆಯಬಹುದು; ಸಾಮಾನ್ಯ ಕ್ಯಾಪುಗಳಲ್ಲಿ 5,000 ಓಮ್ ಆಸುಪಾಸು ಬರಬೇಕು. ಮೀಟರ್ ಸರಿಯೆಂದರೂ ತೇವದ ಸೋರಿಕೆ ಇರಬಹುದು, ಅದು ಅಲ್ಲಿ ಕಾಣುವುದಿಲ್ಲ. ಹಾಗಾಗಿ ನಾನು ಮೀಟರಿಗಿಂತ ಕತ್ತಲೆಯನ್ನು ನಂಬುತ್ತೇನೆ.

ಕಿಡಿಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಪೆಟ್ರೋಲಿನ ಕಡೆ ಹೋಗಬೇಕು. ಇದಕ್ಕೊಂದು ಸುಲಭದ ಸೂಚನೆ ಚೋಕಿನಲ್ಲಿದೆ. ಘಟ್ಟದ ತಿರುವಿನಲ್ಲಲ್ಲ, ಹಿಂದೆ ಮುಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ, ಬೈಕ್ ಜಗ್ಗಲು ಶುರುವಾದಾಗ ವೇಗ ತಗ್ಗಿಸಿ ಚೋಕ್ ಅರ್ಧ ಎಳೆಯಿರಿ. ಜಗ್ಗುವುದು ಕಡಿಮೆಯಾದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಇನ್ನೂ ಕೆಟ್ಟರೆ, ಅಥವಾ ಏನೂ ವ್ಯತ್ಯಾಸವಾಗದಿದ್ದರೆ, ಮತ್ತೆ ಕಿಡಿಯ ಮೇಲೆಯೇ ಅನುಮಾನ. ಅನುಭವಸ್ಥರು ಜಗ್ಗುವ ರೀತಿಯಲ್ಲೇ ಗುರುತಿಸುತ್ತಾರೆ: ಕಿಡಿ ತಪ್ಪಿದರೆ ಸ್ವಿಚ್ ಹಾಕಿ ತೆಗೆದ ಹಾಗೆ ಗಕ್ಕೆಂದು ಹೊಡೆಯುತ್ತದೆ, ಪೆಟ್ರೋಲ್ ತಪ್ಪಿದರೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಮೆಲ್ಲಗೆ ಸೊರಗುತ್ತದೆ.

ಎಥನಾಲಿನ ಮೇಲೆ ಹೊರಿಸುವ ಅಪರಾಧದಲ್ಲಿ ಅರ್ಧ ಸತ್ಯವಿದೆ. 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲನ್ನು ನಮ್ಮ ದೇಶದಲ್ಲಿ 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ, ಬಿಡುಗಡೆ ಮಾಡಿದರು. ಈಗ ಹೆಚ್ಚಿನ ಬಂಕುಗಳಲ್ಲಿ ಸಿಗುವುದು ಅದೇ. ನಿಮ್ಮ 2017ರ ಬೈಕನ್ನು ಅದಕ್ಕೆಂದು ಮಾಡಿದ್ದಲ್ಲ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹತ್ತಿರಹತ್ತಿರ ಎರಡೂವರೆ ಪಟ್ಟು ಶಾಖ ಕೇಳುತ್ತದೆ, ಅದರೊಳಗೇ ಆಮ್ಲಜನಕ ಇರುವುದರಿಂದ ಮಿಶ್ರಣವೂ ಒಂದಿಷ್ಟು ತೆಳುವಾಗುತ್ತದೆ. ಆದ್ದರಿಂದ ಚಳಿಯಲ್ಲಿ ಚೋಕನ್ನು ಅರ್ಧ ಕಿಲೋಮೀಟರ್ ಹೆಚ್ಚು ಎಳೆದಿಡಬೇಕಾಗಬಹುದು. ಆದರೆ ಎಥನಾಲ್ ಮಧ್ಯಾಹ್ನವೂ ಅದೇ ಟ್ಯಾಂಕಿನಲ್ಲೇ ಇರುತ್ತದೆಯಲ್ಲ? ಮಧ್ಯಾಹ್ನ ಸರಿಯಾಗಿ ಓಡುವ ಬೈಕಿಗೆ ಅದೊಂದೇ ಕಾರಣವಾಗಲಾರದು.

ಎಥನಾಲ್ ಗಾಳಿಯಿಂದ ತೇವ ಹೀರಿ ಟ್ಯಾಂಕಿನಲ್ಲಿ ನೀರು ತುಂಬಿಸುತ್ತದೆ ಎನ್ನುವುದನ್ನೂ ಅಳೆದು ನೋಡಬೇಕು. ಮುಚ್ಚಳ ಹಾಕಿದ, ದಿನವೂ ಓಡುವ ಬೈಕಿನಲ್ಲಿ ಹಾಗೆ ಸೇರುವ ನೀರು ಅತ್ಯಲ್ಪ. 10 ಪ್ರತಿಶತ ಎಥನಾಲಿನ ಪೆಟ್ರೋಲ್ ಲೀಟರಿಗೆ ಸುಮಾರು 5 ಮಿಲಿಲೀಟರ್, ಎಂದರೆ ಒಂದು ಚಮಚ ನೀರನ್ನು ಕರಗಿಸಿಕೊಳ್ಳಬಲ್ಲದು, 20 ಪ್ರತಿಶತದ್ದು ಇನ್ನೂ ಹೆಚ್ಚು. ಕರಗಿದ ನೀರು ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತದೆ. ಮಿತಿ ಮೀರಿದರೆ ಮಾತ್ರ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ರಾತ್ರಿ ತಣ್ಣಗಾದಾಗ ಈ ಮಿತಿ ಇನ್ನಷ್ಟು ಕುಗ್ಗುತ್ತದೆ. ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ನಲ್ಲಿ, ಎಳೆದುಕೊಳ್ಳುವುದೂ ತಳದಿಂದಲೇ. ಅಷ್ಟು ನೀರು ಬರುವುದು ಗಾಳಿಯಿಂದಲ್ಲ, ಮುಚ್ಚಳದಿಂದ.

ಟ್ಯಾಂಕಿನ ಮುಚ್ಚಳ ತೆರೆದು ನೋಡಿ, ಬಾಯಿಯ ಸುತ್ತ ಒಂದು ಬಟ್ಟಲಿನಂಥ ತಗ್ಗು, ಅದರಲ್ಲೊಂದು ಸಣ್ಣ ತೂತು ಕಾಣುತ್ತದೆ. ಮಳೆನೀರು ಆ ತೂತಿನಿಂದ ಕೊಳವೆಯಲ್ಲಿಳಿದು ನೆಲಕ್ಕೆ ಬೀಳಬೇಕು. ನಿಮ್ಮ ಕಡೆಯ ಕೆಂಪುಮಣ್ಣೂ ಮರದ ಹೂವಿನ ಪುಡಿಯೂ ಸೇರಿ ಅದನ್ನು ಮುಚ್ಚಿಬಿಡುತ್ತವೆ. ಆಮೇಲೆ ಮಳೆಯಲ್ಲಿ ನಿಂತ ಬೈಕಿನ ಮುಚ್ಚಳದ ಸುತ್ತ ಕೆರೆ ನಿಲ್ಲುತ್ತದೆ, ಮುಚ್ಚಳ ತೆರೆದ ಕೂಡಲೇ ಅಷ್ಟೂ ನೀರು ಒಳಗೆ. ತೆಳ್ಳನೆಯ ನೈಲಾನ್ ದಾರ ತೂರಿಸಿ ಸ್ವಚ್ಛ ಮಾಡಿಕೊಳ್ಳಿ. ನೀರಿದೆಯೇ ಎಂದು ತಿಳಿಯಲು ಎಂಜಿನ್ ತಣ್ಣಗಿರುವಾಗ ಕಾರ್ಬೊರೇಟರಿನ ತಳದ ಫ್ಲೋಟ್ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ತಿರುಪನ್ನು ಸಡಿಲಿಸಿ, ಬರುವ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ, ಗುಂಡುಗುಂಡಾದ ಹನಿಗಳು ಉರುಳಾಡಿದರೆ ನೀರಿದೆ. ಬೆಂಕಿಕಡ್ಡಿ, ಬೀಡಿ, ದೇವರ ದೀಪ ಯಾವುದೂ ಹತ್ತಿರ ಇರಬಾರದು ಎಂದು ನಾನು ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ.

ಮುಚ್ಚಳದ ಗಾಳಿಕಂಡಿ ಕಟ್ಟಿಕೊಂಡರೂ ಬೈಕ್ ಹದಿನೈದು ಇಪ್ಪತ್ತು ನಿಮಿಷದಲ್ಲಿ ಸೊರಗಿ, ನಿಲ್ಲಿಸಿದರೆ ಸರಿಹೋಗುತ್ತದೆ. ಆದರೆ ಅದು ಮಧ್ಯಾಹ್ನವನ್ನೂ ಬಿಡುವುದಿಲ್ಲ. ಜಗ್ಗಿದಾಗ ಮುಚ್ಚಳ ತೆರೆಯಿರಿ. ಉಸ್ಸೆಂದು ಗಾಳಿ ಎಳೆದುಕೊಂಡರೆ ಅದೇ. ಏರ್ ಫಿಲ್ಟರ್ ಪೆಟ್ಟಿಗೆಯ ತಳದ ಕೊಳವೆಯಲ್ಲಿ ನೀರು ನಿಂತಿದೆಯೇ, ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡಿ.

ಇನ್ನು ಏನೇನು ಮಾಡಬಹುದು, ಯಾವುದರಲ್ಲಿ ಎಷ್ಟು ಅಪಾಯ. ನನ್ನ ಮೊದಲ ಆಯ್ಕೆ ಹೊಸ ಕ್ಯಾಪ್ ಮತ್ತು ಪ್ಲಗ್. ಕೆಲವು ನೂರು ರೂಪಾಯಿಯೊಳಗಿನ ಕೆಲಸ. ಹಳೆಯ ಕ್ಯಾಪನ್ನು ವೈರಿನಿಂದ ತಿರುಗಿಸಿ ಬಿಚ್ಚಿ, ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಹೊಸದನ್ನು ತಿರುಗಿಸಿ ಕೂರಿಸಬೇಕು. ಪ್ಲಗ್ ಸೇರುವ ರಬ್ಬರಿನ ಒಳಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿದರೆ ನೀರು ನುಗ್ಗುವುದಿಲ್ಲ. ಚಕ್ರಕ್ಕೆ ಹಾಕುವ ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ. ಪ್ಲಗ್ ಕೂರುವ ಗುಳಿಯಿಂದ ನೀರು ಹೊರಹೋಗಲು ಕೆಲವು ಎಂಜಿನ್ನುಗಳಲ್ಲಿ ತೂತು ಇರುತ್ತದೆ, ಅದನ್ನೂ ತಂತಿಯಿಂದ ಬಿಡಿಸಿಕೊಳ್ಳಿ. ನಿಮ್ಮ ಬೈಕಿಗೆ ಎರಡು ಪ್ಲಗ್ ಇದ್ದರೆ ಎರಡು ಕ್ಯಾಪನ್ನೂ ಬದಲಾಯಿಸಿ. ಕ್ಯಾಪಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವ ಉಪಾಯವನ್ನು ಬಹಳ ಜನ ಮಾಡುತ್ತಾರೆ. ಚೀಲ ಬಿಸಿಗೆ ಕರಗಿ ಸಿಲಿಂಡರಿಗೆ ಅಂಟುತ್ತದೆ, ಒಳಗೆ ಬೆವರಿದ ನೀರು ಹೊರಹೋಗುವುದೂ ಇಲ್ಲ. ತೇವ ಓಡಿಸುವ ಸ್ಪ್ರೇ ಹೊಡೆದರೆ ಅವತ್ತಿನ ಕೆಲಸ ನಡೆಯುತ್ತದೆ, ಇಂಗಾಲದ ಗೆರೆ ಹೋಗುವುದಿಲ್ಲ.

ಕ್ಯಾಪ್ ಬದಲಾಯಿಸಿದ ಮೇಲೂ ಜಗ್ಗಿದರೆ ಮುಂದಿನ ಸರದಿ ಎಚ್‌ಟಿ ಕಾಯಿಲ್ (ಕಿಡಿಗೆ ವೋಲ್ಟೇಜ್ ಕಳಿಸುವ ಆ ಕಾಯಿಲೇ), ಆಮೇಲೆ ಸಿಡಿಐ (ಕಿಡಿಯ ಹೊತ್ತನ್ನು ನಿರ್ಧರಿಸುವ ಡಬ್ಬಿ) ಕಡೆಗೆ ಹೋಗುವ ಕನೆಕ್ಟರುಗಳು. ಕನೆಕ್ಟರನ್ನು ಬಿಚ್ಚಿ ಒಣಗಿಸಿ ಮತ್ತೆ ಒತ್ತಿದರೆ ಸಾಕು ಎನ್ನುವ ಸಂದರ್ಭಗಳೇ ಹೆಚ್ಚು. ಸಿಡಿಐಯನ್ನೇ ಬದಲಾಯಿಸಬೇಕು ಎಂದು ಯಾರಾದರೂ ಹೇಳಿದರೆ, ಬೇರೆ ಬೈಕಿನದನ್ನು ಒಂದು ಬೆಳಿಗ್ಗೆ ಹಾಕಿ ತೋರಿಸಲು ಕೇಳಿ.

ದೊಡ್ಡ ಜೆಟ್ಟಿನ ಅಪಾಯ ಇದು: ಬೆಳಗಿನ ಮಂಜಿಗೆಂದು ಹೆಚ್ಚಿಸಿದ ಪೆಟ್ರೋಲ್ ಮಧ್ಯಾಹ್ನದ ಬಿಸಿಲಿಗೂ ಬರುತ್ತದೆ. ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಮೈಲೇಜ್ ಬೀಳುತ್ತದೆ, ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಪಿಸ್ಟನ್ ರಿಂಗನ್ನು ಸವೆಸುತ್ತದೆ. ಹೇಗೂ ನೀವಿರುವುದು ಸಾವಿರ ಮೀಟರಿನ ಆಸುಪಾಸು. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗಿ ಪೆಟ್ರೋಲ್ ಹೆಚ್ಚಾಗುವುದೇ ಸಹಜ, ಇನ್ನಷ್ಟು ಸುರಿಯುವುದಕ್ಕೆ ಕಾರಣವೇ ಇಲ್ಲ. ದುಬಾರಿ ಬೆಲೆಯ ಹೆಚ್ಚು ಆಕ್ಟೇನ್ ಪೆಟ್ರೋಲ್ ಹಾಕಿ ನೋಡಿ ಎಂದೂ ಯಾರಾದರೂ ಹೇಳಿಯಾರು. ಆಕ್ಟೇನ್ ಎಂಜಿನ್ ಬಡಿಯದಂತೆ ತಡೆಯುತ್ತದೆ, ಸೋರುವ ಕಿಡಿಯನ್ನು ಹಿಡಿಯುವುದಿಲ್ಲ.

ಹೀಗೇ ಓಡಿಸಿಕೊಂಡು ಹೋಗುವುದೂ ಒಂದು ಆಯ್ಕೆ ಎಂದು ನಿಮಗೆ ಅನ್ನಿಸುತ್ತಿರಬಹುದು, ಎಂಟು ತಿಂಗಳು ಅದನ್ನೇ ಮಾಡಿದ್ದೀರಿ. ಉರಿಯದ ಪೆಟ್ರೋಲ್ ಸೈಲೆನ್ಸರಿನೊಳಗಿನ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಸುಡುತ್ತದೆ, ಅದರ ಬೆಲೆ ಕ್ಯಾಪಿನ ಹತ್ತಾರು ಪಟ್ಟು. ಅದು ಹಾಳಾಗಿ ಹೋಗಲಿ, ಲಾರಿ ದಾಟುವಾಗ ಜಗ್ಗಿತು ಎಂದು ಬರೆದಿದ್ದೀರಲ್ಲ, ಕ್ಯಾಪ್ ಬದಲಾಗುವವರೆಗೆ ಘಟ್ಟದ ರಸ್ತೆಯಲ್ಲಿ ಯಾವ ಲಾರಿಯನ್ನೂ ದಾಟಬೇಡಿ. ಹಾಲಿನ ಲೆಕ್ಕ ಹತ್ತು ನಿಮಿಷ ತಡವಾಗಲಿ.

ಇದನ್ನು ಓದುವ, 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಬೈಕ್ ಇರುವವರಿಗೆ ಒಂದು ಮಾತು. ಅಂಥ ಹೆಚ್ಚಿನ ಬೈಕುಗಳಲ್ಲಿ ಕಾರ್ಬೊರೇಟರೂ ಇಲ್ಲ, ಚೋಕೂ ಇಲ್ಲ. ಚಳಿಯ ಲೆಕ್ಕವನ್ನು ಸೆನ್ಸರುಗಳು ನೋಡಿಕೊಳ್ಳುತ್ತವೆ. ಪ್ಲಗ್ ಕ್ಯಾಪಿನ ಕಥೆ ನಿಮಗೂ ಅನ್ವಯಿಸುತ್ತದೆ. ನೀರಿನ ಗುಂಡಿ ದಾಟಿದ ಕೂಡಲೇ ಎಂಜಿನ್ ಪೂರ್ತಿ ಆರಿಹೋದರೆ ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿದೆಯೇ ಎಂದು ಮೊದಲು ನೋಡಿ. ಮೀಟರಿನಲ್ಲಿ ಎಂಜಿನ್ ದೀಪ ಉರಿಯುತ್ತಿದ್ದರೆ ಊಹೆ ಬೇಡ, ಬೈಕಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿಸಿ.

ಬಿಳಿ ನೊರೆಯ ವಿಷಯ ಉಳಿಯಿತು. ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಅದರ ಹೆಡ್ಡಿಗೂ ನಡುವಿನ ಸೀಲು) ಹೋಗಿ ನೀರು ಆಯಿಲಿಗೆ ಸೇರಿದೆ ಎಂದು ಯಾರಾದರೂ ಹೆದರಿಸಿದ್ದರೆ, ನಿಮ್ಮದು ಗಾಳಿ ತಂಪಿನ ಎಂಜಿನ್ ಆಗಿದ್ದರೆ ಅದರಲ್ಲಿ ಸೋರುವುದಕ್ಕೆ ನೀರೇ ಇಲ್ಲ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ರಿಂಗುಗಳ ಪಕ್ಕದಿಂದ ಕೆಳಗಿಳಿದು ತಣ್ಣಗಿನ ಎಂಜಿನ್ನಿನೊಳಗೆ ಹನಿಯಾಗಿ ಆಯಿಲಿನ ಜೊತೆ ಕಡೆದುಕೊಂಡು ಬೆಣ್ಣೆಯಾಗುತ್ತದೆ. ದಿನವೂ ಹತ್ತು ಹದಿನೈದು ಕಿಲೋಮೀಟರ್ ಮಾತ್ರ ಓಡುವ ಬೈಕಿನಲ್ಲಿ ಮಳೆಗಾಲದಲ್ಲಿ ಇದು ಸಾಮಾನ್ಯ. ವಾರಕ್ಕೊಮ್ಮೆ ಚಿಕ್ಕಮಗಳೂರಿನ ಕಡೆಗೋ ಹಾಸನದ ಕಡೆಗೋ ಒಂದು ಗಂಟೆ ಎಡೆಬಿಡದೆ ಓಡಿಸಿ, ಆಯಿಲ್ ಕಾದು ನೀರು ಆವಿಯಾಗಿ ಹೋಗುತ್ತದೆ. ಹಾಗೆ ಓಡಿಸಿದ ಮೇಲೂ ಕಡ್ಡಿಯಲ್ಲಿ ನೊರೆ ಉಳಿದರೆ, ಅಥವಾ ಆಯಿಲೆಲ್ಲ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಹಳ್ಳ ದಾಟುವಾಗ ಉಸಿರುಕೊಳವೆಯಿಂದ ನೀರು ಹೊಕ್ಕಿರಬಹುದು. ಆಗ ಇನ್ನೊಂದು ದಿನವೂ ಓಡಿಸದೆ ಆಯಿಲ್ ಬದಲಾಯಿಸಿ. ನೊರೆ ಕಡ್ಡಿಯ ತುದಿಯಲ್ಲಷ್ಟೇ ಇದ್ದರೆ ಮಾಮೂಲಿ ಬದಲಾಯಿಸುವ ಲೆಕ್ಕಕ್ಕಿಂತ 500 ಕಿಲೋಮೀಟರ್ ಮೊದಲೇ ಬದಲಾಯಿಸಿದರೆ ಸಾಕು.